ಕಲ್ಲಿನ ಬಳ್ಳಿಯ ದಾರಿ

ಬೇಸಿಗೆಯ ಮೊದಲ ಮಳೆ ಬಿದ್ದು ಎಂಟು-ಹತ್ತು ದಿನ ಕಳೆದ ಮೇಲೆ ಅರೇಹಳ್ಳಿಗೆ ಹೋಗಬೇಕು. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಈ ಹೋಬಳಿ ಕೇಂದ್ರಕ್ಕೆ ಬಸ್ಸು ಇನ್ನೂ ಒಂದೆರಡು ಮೈಲಿ ದೂರವಿರುವಾಗಲೇ ಕಿಟಕಿಯಿಂದ ಮಲ್ಲಿಗೆಯ ಪರಿಮಳ ಒಳಗೆ ನುಗ್ಗುತ್ತದೆ. ಹೊಸಬರು ಮುಂದಿನ ಸೀಟಿನ ಹೆಂಗಸರ ಮುಡಿಯತ್ತ ನೋಡುತ್ತಾರೆ. ಅಲ್ಲಿ ಹೂವಿರುವುದಿಲ್ಲ. ಹೂವಿರುವುದು ರಸ್ತೆಯ ಎರಡೂ ಬದಿಗೆ, ಸಿಲ್ವರ್ ಓಕ್ ಮತ್ತು ಹಾಲುವಾಣದ ನೆರಳಿನ ಕೆಳಗೆ, ಸಾಲುಸಾಲು ಕಾಫಿ ಗಿಡಗಳ ಮೇಲೆ. ರೆಂಬೆಗೆ ರೆಂಬೆಯೇ ಬೆಳ್ಳಗಾಗಿ, ಯಾರೋ ರಾತ್ರೋರಾತ್ರಿ ಹಿಟ್ಟು ಚೆಲ್ಲಿ ಹೋದಂತೆ ಕಾಣುತ್ತದೆ.

ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ. ಆಮೇಲೆ ಹೂವು ಕಂದುತ್ತದೆ, ಉದುರುತ್ತದೆ. ಪೇಟೆಯಿಂದ ಬಂದವರು ಫೋಟೊ ತೆಗೆದುಕೊಂಡು ಹೋಗುವುದು ಈ ಮೂರು ದಿನದಲ್ಲೇ. ಬೆಳೆಗಾರನ ಚಿಂತೆ ಶುರುವಾಗುವುದು ನಾಲ್ಕನೆಯ ದಿನ. ಹೂ ಅರಳಿಸಿದ ಮಳೆಯ ಹಿಂದೆ ಎರಡು-ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಅದನ್ನು ಇಲ್ಲಿಯವರು ಬ್ಯಾಕಿಂಗ್ ಶವರ್ ಎಂದೇ ಕರೆಯುತ್ತಾರೆ. ಆ ಮಳೆ ಕೈಕೊಟ್ಟರೆ ಅಷ್ಟೂ ಹೂವು ಕಾಯಿ ಕಟ್ಟದೆ ಹೋಗಬಹುದು. ಅನುಕೂಲವಿರುವವರು ಮೋಡದ ದಾರಿ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಇಲ್ಲದವರು ಆಕಾಶ ನೋಡುತ್ತಾರೆ. ಹೂವಿಗೆ ಯಾರೂ ಒಂದು ಪೈಸೆ ಕೊಡುವುದಿಲ್ಲ. ಬೆಲೆ ಇರುವುದು ಕಾಯಿಗೆ. ಅದು ಹಣ್ಣಾಗಿ ಕೈಗೆ ಬರಲು ಅರೇಬಿಕಾಕ್ಕೆ ಎಂಟು-ಒಂಬತ್ತು ತಿಂಗಳು, ರೊಬಸ್ಟಾಕ್ಕೆ ಇನ್ನೂ ಹೆಚ್ಚು. ನಡುವೆ ಮುಂಗಾರಿನ ಹೊಡೆತ, ಕೊಳೆರೋಗ, ಕಾಂಡ ಕೊರೆಯುವ ಹುಳು. ಈಚಿನ ವರ್ಷಗಳಲ್ಲಿ ಸಕಲೇಶಪುರ, ಆಲೂರು, ಬೇಲೂರು ಸೀಮೆಯ ತೋಟಗಳಿಗೆಲ್ಲ ಕಾಡಾನೆಗಳ ಕಾಟ ಬೇರೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಆನೆ ಯಾವ ಎಸ್ಟೇಟಿನಲ್ಲಿದೆ ಎಂದು ವಿಚಾರಿಸಿಕೊಳ್ಳುವುದು ಇಲ್ಲಿ ಮಾಮೂಲಿ.

ಊರು ದೊಡ್ಡದೇನಲ್ಲ. ಒಂದು ಮುಖ್ಯ ಬೀದಿ, ಕಾಫಿ-ಮೆಣಸು ಕೊಳ್ಳುವ ಅಂಗಡಿಗಳು, ಗೊಬ್ಬರ-ಔಷಧಿ ಅಂಗಡಿ, ಬೇಕರಿ, ಹೋಟೆಲು. ಕನ್ನಡದ ಜೊತೆಗೆ ತಮಿಳು, ಮಲಯಾಳ, ಬ್ಯಾರಿ ಮಾತು ಕಿವಿಗೆ ಬೀಳುತ್ತದೆ. ಈಗೀಗ ತೋಟದ ಕೆಲಸಕ್ಕೆ ಅಸ್ಸಾಮಿನ ಕಡೆಯಿಂದ ಬಂದವರ ಮಾತೂ ಸೇರಿಕೊಂಡಿದೆ. ಇದಿಷ್ಟೇ ಆಗಿದ್ದರೆ ಅರೇಹಳ್ಳಿ ಮಲೆನಾಡಿನ ಸೆರಗಿನ ಹತ್ತಾರು ಕಾಫಿ ಊರುಗಳಲ್ಲಿ ಒಂದು ಅಷ್ಟೆ. ಆದರೆ ಮೂಗನ್ನು ಮೋಸಗೊಳಿಸುವ ಆ ಹೂವು ಒಂದು ಹಳೆಯ ಕತೆಯನ್ನು ನೆನಪಿಗೆ ತರುತ್ತದೆ. 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಆಂತ್ವಾನ್ ದ ಜುಸ್ಯೂ ಈ ಗಿಡವನ್ನು ಮಲ್ಲಿಗೆಯ ಜಾತಿಗೇ ಸೇರಿಸಿ, ಅರೇಬಿಯದ ಮಲ್ಲಿಗೆ ಎಂಬ ಅರ್ಥ ಬರುವ ಹೆಸರಿಟ್ಟಿದ್ದ. ಲಿನೇಯಸ್ ಬಂದು ಅದನ್ನು ಬೇರ್ಪಡಿಸಿ 'ಕಾಫಿಯಾ' ಎಂಬ ತನ್ನದೇ ಕುಲ ಕೊಟ್ಟ. ಒಮ್ಮೆ ಮಲ್ಲಿಗೆ ಎಂದು ಕರೆಸಿಕೊಂಡ ಮೇಲೆ ಆ ಹೆಸರನ್ನು ಕಳಚಿಕೊಳ್ಳುವುದು ಗಿಡಕ್ಕೂ ಸುಲಭವಲ್ಲ, ಕವಿಗೂ ಸುಲಭವಲ್ಲ.

ಕವಿ ಎಂದರೆ ಇಲ್ಲಿ ಕೆ.ಎಸ್. ನರಸಿಂಹಸ್ವಾಮಿ. ಅವರಿಗೂ ಅರೇಹಳ್ಳಿಗೂ ನಂಟು ಹುಡುಕಬೇಕಾಗಿಲ್ಲ. ಆದರೆ ಅರೇಹಳ್ಳಿಯಿಂದ ಹೊರಟು ಬೇಲೂರು, ಹಳೇಬೀಡು, ಜಾವಗಲ್, ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣದ ಮೇಲೆ ಅವರ ಹುಟ್ಟೂರು ಕಿಕ್ಕೇರಿಗೆ ಹೋಗುವ ಒಂದು ಸುತ್ತುದಾರಿಯಿದೆ. ಹೂವಿನಿಂದ ಕಲ್ಲಿಗೆ, ಕಲ್ಲಿನಿಂದ ಮತ್ತೆ ಹೂವಿನ ಊರಿಗೆ ಒಯ್ಯುವ ದಾರಿ. ನರಸಿಂಹಸ್ವಾಮಿಯವರ ಅರ್ಧ ಮರೆತ ಒಂದು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕರ್ನಾಟಕದಲ್ಲಿ ಸಿಗಲಾರದು. ಆ ಪುಸ್ತಕದ ಹೆಸರು 'ಶಿಲಾಲತೆ'.

1942ರಲ್ಲಿ 'ಮೈಸೂರು ಮಲ್ಲಿಗೆ' ಬಂದಾಗ ನರಸಿಂಹಸ್ವಾಮಿಯವರಿಗೆ 27 ವರ್ಷ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಹೊಸದಾಗಿ ಮದುವೆಯಾದ ಗಂಡ-ಹೆಂಡಿರು, ಮಾವನ ಮನೆ, ಬಳೆಗಾರ, ಶಾನುಭೋಗರ ಮನೆಯ ಹುಡುಗಿ, ನವಿಲೂರೆಂಬ ಕಲ್ಪನೆಯ ಹಳ್ಳಿ ಇವೆಲ್ಲ ಆ ಪುಟ್ಟ ಪುಸ್ತಕದಿಂದ ಎದ್ದು ಬಂದು ಕನ್ನಡದ ಮನೆಗಳಲ್ಲಿ ವಾಸಕ್ಕೇ ನಿಂತವು. ಅದುವರೆಗೆ ನಮ್ಮ ಪ್ರೇಮಕಾವ್ಯದಲ್ಲಿ ಮದುವೆಯಾದ ಮೇಲಿನ ಪ್ರೀತಿಗೆ ಇಷ್ಟು ಜಾಗ ಇರಲಿಲ್ಲವೆಂದೇ ಹೇಳಬೇಕು. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಮದುವೆಗಳಲ್ಲಿ ಉಡುಗೊರೆಯಾಯಿತು. ಕವನ ಸಂಕಲನವೊಂದು ಅಂಗಡಿಯಲ್ಲಿ ಕೇಳಿ ಕೊಳ್ಳುವ ಸಾಮಾನಿನಂತೆ ಖರ್ಚಾಗುವುದು ಕನ್ನಡದಲ್ಲಿ ಅಪರೂಪ; ಇದು ಖರ್ಚಾಯಿತು.

ಆ ಮೇಲೆ 'ಐರಾವತ' (1945), 'ದೀಪದ ಮಲ್ಲಿ' (1947), 'ಇರುವಂತಿಗೆ' (1952) ಬಂದವು. ಹೆಸರುಗಳಲ್ಲೇ ಹೂವಿನ ತೋಟ ಮುಂದುವರಿದದ್ದು ಕಾಣುತ್ತದೆ. ಇದೇ ತೋಟದಲ್ಲಿ ಇನ್ನೂ ಹತ್ತು ಬೆಳೆ ತೆಗೆಯಬಹುದಿತ್ತು. ಕೇಳುವವರಿದ್ದರು, ಹಾಡುವವರಿದ್ದರು, ಅಚ್ಚು ಹಾಕುವವರಿದ್ದರು. 1958ರಲ್ಲಿ ಬಂದದ್ದು ಮಾತ್ರ 'ಶಿಲಾಲತೆ', ಕಲ್ಲಿನ ಬಳ್ಳಿ. ಮುಡಿಗೆ ಏರುವಂಥದಲ್ಲ, ಮೂಸಿ ನೋಡುವಂಥದೂ ಅಲ್ಲ. ಲಯ ಬಿಗಿದುಕೊಂಡಿದೆ, ದನಿ ತಗ್ಗಿದೆ. ನವಿಲೂರಿನ ಬೀದಿಯ ಬದಲು ಪಟ್ಟಣದ ಬೀದಿ ಬಂದಿದೆ. ಆ ಹೊತ್ತಿನ ಕವಿತೆಗಳಲ್ಲೊಂದು ಗಡಿಯಾರದಂಗಡಿಯ ಮುಂದೆ ನಿಲ್ಲುತ್ತದೆ. ಬಳೆಗಾರನ ಮಲಾರದ ಮುಂದೆ ನಿಂತಿದ್ದ ಕವಿ ಹದಿನಾರು ವರ್ಷದಲ್ಲಿ ಬಂದು ನಿಂತ ಜಾಗ ಅದು.

ಯಶಸ್ಸಿನ ಬೆನ್ನಿಗೇ ಒಳಮುಖವಾಗುವುದು ಹಾಡು ಕಟ್ಟುವವರ ಲೋಕದಲ್ಲಿ ಹೊಸದಲ್ಲ. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1984ರಲ್ಲಿ 'ಬಾರ್ನ್ ಇನ್ ದಿ ಯು.ಎಸ್.ಎ.' ಎಂಬ ಆಲ್ಬಮ್ಮಿನಿಂದ ಕ್ರೀಡಾಂಗಣಗಳನ್ನೇ ತುಂಬಿಸಿದ. ಮೂರು ವರ್ಷ ಬಿಟ್ಟು ಹೊರತಂದ 'ಟನಲ್ ಆಫ್ ಲವ್'ನಲ್ಲಿ ದನಿ ತಗ್ಗಿಸಿ, ದಾಂಪತ್ಯದ ಅನುಮಾನಗಳ ಬಗ್ಗೆ ಹಾಡಿದ. ಅವನದು ಮೂರು ವರ್ಷದ ತಿರುವು. ನರಸಿಂಹಸ್ವಾಮಿಯವರದು ಹದಿನಾರು ವರ್ಷದ್ದು. ಅವನು ತನ್ನ ಹಾಡನ್ನು ತಾನೇ ಹಾಡುವವನು. ನಮ್ಮಲ್ಲಿ ಕವಿ ಬರೆಯುತ್ತಾನೆ, ಇನ್ನೊಬ್ಬರು ರಾಗ ಹಾಕುತ್ತಾರೆ, ಮತ್ತೊಬ್ಬರು ಹಾಡುತ್ತಾರೆ. ಹೀಗಾಗಿ ಕವಿ ದಾರಿ ಬದಲಿಸಿದರೂ ಹಾಡು ಹಳೆಯ ದಾರಿಯಲ್ಲೇ ಹೋಗುತ್ತಿರಬಹುದು. ನರಸಿಂಹಸ್ವಾಮಿಯವರಿಗೆ ಆದದ್ದು ಅದೇ.

ಅರೇಹಳ್ಳಿಯಿಂದ ಬೇಲೂರಿಗೆ ಅರ್ಧ-ಮುಕ್ಕಾಲು ಗಂಟೆಯ ಹಾದಿ. ತೋಟ ತೆಳುವಾಗುತ್ತ, ಗದ್ದೆ ಬಯಲು ಕಾಣುತ್ತ, ಯಗಚಿ ನದಿಯ ದಡಕ್ಕೆ ಬಂದರೆ ಊರು. ಬೇಲೂರಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ? 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರ ಮೊದಲ ಹೆಸರು ವಿಜಯನಾರಾಯಣ. ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಉತ್ಸಾಹ ಆ ಹೆಸರಿನಲ್ಲೇ ಇದೆ. ಗುಡಿಯ ಹೊರಗೆ ನಿಂತವರಿಗೆ ಆ ಉತ್ಸಾಹ ಈಗಲೂ ಮುಟ್ಟುತ್ತದೆ. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು ಒಳಗಿನ ನಾಲ್ವರನ್ನೂ ಸೇರಿಸಿ 42. ಕನ್ನಡಿ ನೋಡಿಕೊಳ್ಳುವವಳು, ಗಿಣಿಯೊಡನೆ ಮಾತಾಡುವವಳು, ಸೀರೆಯೆಳೆಯುವ ಕೋತಿಯನ್ನು ಗದರುವವಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಕೆಲವರ ಕಾಲಕೆಳಗೆ ತಮ್ಮ ಹೆಸರನ್ನೂ ಕೆತ್ತಿ ಹೋಗಿದ್ದಾರೆ.

ಬೇಲೂರು ಹಾಡಿನ ಪುಸ್ತಕವೊಂದಕ್ಕೆ ಕಾರಣವಾದ ಊರು ಕೂಡ. ಡಿ.ವಿ. ಗುಂಡಪ್ಪನವರ 'ಅಂತಃಪುರ ಗೀತೆ' ಹುಟ್ಟಿದ್ದು ಈ ಮದನಿಕೆಯರನ್ನು ನೋಡಿಯೇ. ಒಬ್ಬೊಬ್ಬ ಶಿಲಾಬಾಲಿಕೆಗೆ ಒಂದೊಂದು ಹಾಡು, ಹಾಡಲೆಂದೇ ಬರೆದದ್ದು. 'ಮಂಕುತಿಮ್ಮನ ಕಗ್ಗ' ಬರೆದ ಕೈಯೇ ಇದನ್ನೂ ಬರೆಯಿತೆಂದರೆ ಕೆಲವರಿಗೆ ಇಂದಿಗೂ ಆಶ್ಚರ್ಯ. ಓದುಗರು ಒಬ್ಬ ಕವಿಗೆ ಒಂದೇ ಕೋಣೆ ಕೊಟ್ಟು ಬೀಗ ಹಾಕುವುದು ಹೀಗೆ. ಗುಂಡಪ್ಪನವರು ಕಗ್ಗದ ಕೋಣೆಯಲ್ಲೇ ಇರಬೇಕು, ನರಸಿಂಹಸ್ವಾಮಿಯವರು ಮಲ್ಲಿಗೆಯ ಕೋಣೆಯಲ್ಲಿ.

ಗೈಡುಗಳು ಮದನಿಕೆಯ ಉಗುರು, ಬಳೆ, ಜಡೆಯ ಹೆಣಿಗೆ ಎಲ್ಲವನ್ನೂ ಟಾರ್ಚು ಬಿಟ್ಟು ತೋರಿಸುತ್ತಾರೆ. ಅವಳ ತಲೆಯ ಮೇಲೆ ಏನಿದೆ ಎಂದು ತೋರಿಸುವವರು ಕಡಿಮೆ. ಅಲ್ಲಿ ಕಮಾನಿನಂತೆ ಬಾಗಿದ ಬಳ್ಳಿಯಿದೆ. ಎಲೆ, ಮೊಗ್ಗು, ಹಣ್ಣು ತುಂಬಿದ ಬಳ್ಳಿ, ಕೆಲವು ಕಡೆ ಬೆಳಕು ಹಾಯುವಷ್ಟು ಕೊರೆದು ಬಿಡಿಸಿದ್ದು. ಮದನಿಕೆ ನಿಂತಿರುವುದೇ ಅದರ ನೆರಳಿನಲ್ಲಿ. ಅಕ್ಷರಶಃ ಶಿಲಾಲತೆ. ಕವಿ ಇದನ್ನು ನೋಡಿಯೇ ಹೆಸರಿಟ್ಟರೆಂದು ಸಾಧಿಸುವ ಅಗತ್ಯವಿಲ್ಲ. ಆ ಪದ ಕನ್ನಡದಲ್ಲಿ ಎಲ್ಲಿ ಕಣ್ಣಿಗೆ ಕಾಣುತ್ತದೆ ಎಂದು ಕೇಳಿದರೆ ಬೊಟ್ಟು ಮಾಡಬೇಕಾದದ್ದು ಇಲ್ಲಿಗೆ.

ಒಳಗೆ ಹೋದರೆ ಬೇರೆಯೇ ಲೋಕ. ಹೊರಗಿನ ಬಿಸಿಲಿನಿಂದ ಹೋದ ಕಣ್ಣಿಗೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ವಿಷ್ಣುವರ್ಧನನ ಕಾಲದಲ್ಲಿ ಈ ನವರಂಗ ಸುತ್ತಲೂ ತೆರೆದಿತ್ತು. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಜಾಲಂಧ್ರ ಕೂರಿಸಿ ಮುಚ್ಚಿದರು. ಗೆದ್ದವನು ಕಟ್ಟಿದ ತೆರೆದ ಮಂಟಪ ಎರಡು ತಲೆಮಾರು ಕಳೆಯುವಷ್ಟರಲ್ಲಿ ಮಬ್ಬು ಬೆಳಕಿನ ಕೋಣೆಯಾಯಿತು. ಕಲೆಯ ದೃಷ್ಟಿಯಿಂದ ಅದು ನಷ್ಟವೆನ್ನುವವರಿದ್ದಾರೆ. ಆದರೆ ತಿರುಗಣಿಯಲ್ಲಿ ಕಡೆದ ಕಂಬಗಳ ಮೈಮೇಲೆ ಆ ಜಾಲಂಧ್ರದ ಬೆಳಕು ಜಾರುವುದನ್ನು ನೋಡಿದವರು ಹಾಗೆ ಅನ್ನಲಾರರು.

ಈ ಕಲ್ಲಿನ ಗುಣವೊಂದನ್ನು ಹೇಳಬೇಕು. ಬಳಪದ ಕಲ್ಲು ನೆಲದಿಂದ ಎದ್ದಾಗ ಮೆತ್ತಗಿರುತ್ತದೆ, ಮರದಂತೆ ಉಳಿಗೆ ಬಗ್ಗುತ್ತದೆ. ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದೂ, ಒಂಬೈನೂರು ವರ್ಷ ಉಳಿದದ್ದೂ ಈ ಗುಣದಿಂದ.

ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ. ಅದೂ ಬೇಲೂರು ತಾಲ್ಲೂಕಿನದೇ ಹೋಬಳಿ, ಅರೇಹಳ್ಳಿಯ ಹಾಗೆಯೇ. ಒಂದೇ ತಾಲ್ಲೂಕಿನ ಎರಡು ತುದಿಗಳಲ್ಲಿ ಎರಡು ಹವಾಮಾನ. ಅಲ್ಲಿ ಜಿಗಣೆ, ಇಲ್ಲಿ ದೂಳು. ಅಲ್ಲಿ ಕಾಫಿ-ಮೆಣಸು, ಇಲ್ಲಿ ರಾಗಿ, ಜೋಳ, ತೆಂಗು. ದೋರಸಮುದ್ರದ ಕೆರೆ ಒಂದಿಲ್ಲದಿದ್ದರೆ ಇಲ್ಲಿ ರಾಜಧಾನಿ ಇತ್ತೆಂದು ನಂಬುವುದೂ ಕಷ್ಟ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಮುಂದೆ ತುಘಲಕರ ದಂಡು ಬಂತು. ಬೀಡು ಹಳೇಬೀಡಾಯಿತು.

ಹೊಯ್ಸಳೇಶ್ವರ ಗುಡಿಯ ಕೆಲಸ ಬೇಲೂರಿನ ಪ್ರತಿಷ್ಠೆಯಾದ ಕೆಲವೇ ವರ್ಷಗಳಲ್ಲಿ ಶುರುವಾಯಿತು. ದಶಕಗಟ್ಟಲೆ ನಡೆಯಿತು. ಮುಗಿಯಲೇ ಇಲ್ಲ. ಶಿಖರವಿಲ್ಲದ ಗುಡಿಯ ಸುತ್ತ ಪಟ್ಟಿಕೆಗಳು ಸಾಲುಸಾಲಾಗಿ ಹರಿಯುತ್ತವೆ. ಎಲ್ಲಕ್ಕಿಂತ ಕೆಳಗೆ ಆನೆ. ಅದರ ಮೇಲೆ ಸಿಂಹ. ಅದರ ಮೇಲೆ ಬಳ್ಳಿ. ಬಳ್ಳಿಯ ಮೇಲೆ ಕುದುರೆ ಸವಾರರು. ಅದರ ಮೇಲೆ ಮತ್ತೆ ಬಳ್ಳಿ. ಆಮೇಲೆ ರಾಮಾಯಣ-ಮಹಾಭಾರತದ ಕತೆ, ಮಕರ, ಹಂಸ.

"ಇಲ್ಲಿ ನೋಡಿ ಸಾರ್, ಒಂದು ಆನೆ ಇದ್ದಂಗೆ ಇನ್ನೊಂದಿಲ್ಲ" ಎಂದು ಗೈಡು ಶುರುಮಾಡುತ್ತಾನೆ. ಆನೆಗಳು ಸಾವಿರದ ಇನ್ನೂರಕ್ಕೂ ಮಿಕ್ಕಿವೆ ಎಂಬ ಲೆಕ್ಕ ಬರುತ್ತದೆ. ಸಿಂಹಕ್ಕೆ ಧೈರ್ಯ, ಕುದುರೆಗೆ ವೇಗ ಎಂದು ಅರ್ಥ ಹೇಳುತ್ತಾನೆ. ಬಳ್ಳಿಗೆ ಬಂದಾಗ, "ಅದು ಡಿಸೈನು ಸಾರ್" ಎಂದು ಮುಂದೆ ಹೋಗುತ್ತಾನೆ. ಅವನದು ತಪ್ಪಲ್ಲ; ಕೇಳುವವರಿಗೂ ಆನೆಯೇ ಬೇಕು. ಗುಡಿಯ ಉದ್ದಕ್ಕೂ ಎರಡು ಸಾಲು ಸುತ್ತಿ ಬಂದ ಆ ಬಳ್ಳಿಯ ಮುಂದೆ ನಿಂತವರು ಮಾತ್ರ ಒಂದು ಸಂಗತಿ ಗಮನಿಸುತ್ತಾರೆ. ಕುದುರೆಗೂ ಸಿಂಹಕ್ಕೂ, ಕುದುರೆಗೂ ಕತೆಗೂ ನಡುವೆ ಉಸಿರಾಡಲು ಜಾಗ ಕೊಟ್ಟಿರುವುದು ಅದೇ. ಸುರುಳಿಯೊಳಗೆ ಸುರುಳಿ ತಿರುಗಿ, ತನ್ನೊಳಕ್ಕೇ ಬಾಗಿ, ಮತ್ತೆ ಹೊರಟು ಮುಂದಿನ ಸುರುಳಿಗೆ ಕೈ ಚಾಚುತ್ತದೆ. ಅದನ್ನು ತೆಗೆದುಬಿಟ್ಟರೆ ಉಳಿದದ್ದು ಬರೀ ಮೆರವಣಿಗೆ.

'ಶಿಲಾಲತೆ' ಪುಸ್ತಕಕ್ಕೆ ಕನ್ನಡ ಕಾವ್ಯದಲ್ಲಿ ಸಿಕ್ಕ ಜಾಗವೂ ಈ ಪಟ್ಟಿಕೆಯದೇ. ಮೇಲೆ ಕೆಳಗೆ ಸದ್ದು ಮಾಡುವ ಸಾಲುಗಳು, ನಡುವೆ ಇದು. 1950ರ ಮುಂಬಯಿ ಸಾಹಿತ್ಯ ಸಮ್ಮೇಳನದಲ್ಲಿ ವಿ.ಕೃ. ಗೋಕಾಕರು ನವ್ಯದ ಮಾತೆತ್ತಿದರು. 1954ರಲ್ಲಿ ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' ಬಂತು, 1959ರಲ್ಲಿ 'ಭೂಮಿಗೀತ'. ಆ ಚಂಡೆಯ ಸದ್ದಿನ ನಡುವೆ ಬಂದ ನರಸಿಂಹಸ್ವಾಮಿಯವರ ಮೆಲುದನಿಯನ್ನು ಹೊಸಬರು ತಮ್ಮದೆಂದು ಪೂರ್ತಿ ಒಪ್ಪಲಿಲ್ಲ, ಹಳೆಯ ಅಭಿಮಾನಿಗಳು ಮಲ್ಲಿಗೆ ಎಲ್ಲಿ ಎಂದು ಕೇಳಿದರು. ಕವಿ ಫ್ಯಾಷನ್ನಿಗೆ ಬಿದ್ದರೆಂದು ಹೇಳುವುದು ಸುಲಭ. ಆದರೆ ಫ್ಯಾಷನ್ನಿಗೆ ಬೀಳುವವರು ಗೆಲುವಿನ ಕಡೆಗೆ ಬೀಳುತ್ತಾರೆ. ಇವರು ಗೆದ್ದದ್ದನ್ನು ಕೈಬಿಟ್ಟು ಹೊರಟವರು.

ಹಳೇಬೀಡು ಬಿಟ್ಟು ಉತ್ತರಕ್ಕೆ ಹೊರಟರೆ ಜಾವಗಲ್. ಇಲ್ಲಿಂದ ಅರಸೀಕೆರೆ ತಾಲ್ಲೂಕು. ಕ್ರಿಕೆಟ್ಟಿನಿಂದ ಹೆಸರಾದ ಈ ಊರಿನಲ್ಲೂ ಒಂದು ಹೊಯ್ಸಳ ಗುಡಿಯಿದೆ, ಲಕ್ಷ್ಮೀನರಸಿಂಹನದು. ತೆಂಗಿನ ತೋಟ, ಒಣಗಿದ ಕೆರೆಯಂಗಳ, ದೂರದಲ್ಲಿ ಬೋಳು ಗುಡ್ಡ. ಮಲೆನಾಡಿನ ಕೊನೆಯ ಹಸಿರೂ ಇಲ್ಲಿ ಮುಗಿಯುತ್ತದೆ.

ಅರಸೀಕೆರೆ ಎಂದರೆ ರೈಲು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರು–ಹಾಸನದ ಮಾರ್ಗ ಬಂದು ಸೇರುವ ಜಂಕ್ಷನ್. ಅರಸಿ ಕಟ್ಟಿಸಿದ ಕೆರೆ ಊರಿಗೆ ಹೆಸರಾಯಿತು. 1220ರ ಸುಮಾರಿನ ಶಿವಾಲಯದ ನಕ್ಷತ್ರಾಕಾರದ ಮುಖಮಂಟಪ ನೋಡಲು ನಿಲ್ದಾಣದಿಂದ ಆಟೊ ಹಿಡಿದರೆ ಸಾಕು. ಆದರೂ ಇಲ್ಲಿಗೆ ಬರುವ ಹೆಚ್ಚಿನವರು ನೋಡುವುದು ಪ್ಲಾಟ್‌ಫಾರಂ ಒಂದನ್ನೇ. ರೈಲು ಬದಲಿಸಿ ಹೋಗುವ ಊರಿಗೆ ಈ ಶಾಪ ತಪ್ಪಿದ್ದಲ್ಲ. ಮೈಸೂರು ಸಂಸ್ಥಾನದ ಗುಮಾಸ್ತೆ, ಮೇಷ್ಟರು, ಶಿರಸ್ತೇದಾರರ ಸಂಸಾರಗಳು ಟ್ರಂಕು-ಹಾಸಿಗೆಯೊಂದಿಗೆ ಇಂಥ ಜಂಕ್ಷನ್ನುಗಳಲ್ಲಿ ಎಷ್ಟು ರಾತ್ರಿ ಕಳೆದಿವೆಯೋ. ತವರಿಗೆ ಹೊರಟ ಹೆಣ್ಣು, ಕಳಿಸಲು ಬಂದ ಗಂಡ, ವರ್ಗವಾದ ಆದೇಶ, ತಪ್ಪಿದ ಗಾಡಿ. 'ಮೈಸೂರು ಮಲ್ಲಿಗೆ'ಯ ದಾಂಪತ್ಯ ಎತ್ತಿನ ಗಾಡಿಯ ಕಾಲದ್ದೆಂದು ಅನೇಕರು ತಿಳಿದಿದ್ದಾರೆ. ಅದು ರೈಲ್ವೆ ಟೈಂಟೇಬಲ್ಲಿನ ಕಾಲದ ದಾಂಪತ್ಯವೂ ಹೌದು.

ಬೆಂಗಳೂರಿನ ದಿಕ್ಕಿಗೆ ಮುಂದಿನ ದೊಡ್ಡ ನಿಲ್ದಾಣ ತಿಪಟೂರು. ಕೊಬ್ಬರಿಯ ಊರು. ಮಾರುಕಟ್ಟೆಯ ಅಂಗಳದಲ್ಲಿ ಉಂಡೆ ಕೊಬ್ಬರಿಯ ಮೂಟೆಗಳು, ಸುಲಿದ ಸಿಪ್ಪೆಯ ರಾಶಿ, ಎಣ್ಣೆಯ ಕಮಟು. ನರಸಿಂಹಸ್ವಾಮಿಯವರು 1936ರಲ್ಲಿ ಕೈಹಿಡಿದ ವೆಂಕಮ್ಮನವರು ಈ ಊರಿನವರು. ಅಂದರೆ ಕನ್ನಡಿಗರು ಹಾಡಿ ಹಾಡಿ ಸವೆಸಿದ 'ಮಾವನ ಮನೆ'ಗೆ ಒಂದು ವಿಳಾಸ ಹುಡುಕುವುದಾದರೆ ಅದು ತಿಪಟೂರೇ ಆಗಬೇಕು. ಮದುವೆಯಾದ ಮರುವರ್ಷ ಅವರು ನೌಕರಿಗೆ ಸೇರಿದರು. ಮೈಸೂರು, ನಂಜನಗೂಡು, ಬೆಂಗಳೂರು ಎಂದು ತಿರುಗಿ, 1970ರಲ್ಲಿ ನಿವೃತ್ತರಾಗುವವರೆಗೆ ಸರ್ಕಾರಿ ಕೆಲಸವೇ ಅನ್ನ. ಪುಸ್ತಕ ಎಷ್ಟೇ ಖರ್ಚಾದರೂ ಕವಿಗೆ ಕಚೇರಿ ತಪ್ಪಲಿಲ್ಲ. ದಾಂಪತ್ಯವನ್ನು ಹಾಡಿದವನು ದಾಂಪತ್ಯ ನಡೆಸಲೂ ಬೇಕಲ್ಲ. ಸಂಬಳ, ಬಾಡಿಗೆ, ಮಕ್ಕಳು, ಕಾಯಿಲೆ. ಇಪ್ಪತ್ತೇಳರ ಪ್ರೀತಿ ನಲವತ್ತಮೂರಕ್ಕೆ ಅದೇ ರಾಗದಲ್ಲಿ ಹಾಡಿಕೊಂಡಿರಬೇಕೆಂದು ಬಯಸಿದ ಓದುಗರು ತಮ್ಮ ಮನೆಯನ್ನೇ ಒಮ್ಮೆ ತಿರುಗಿ ನೋಡಿಕೊಳ್ಳಬಹುದಿತ್ತು.

'ಶಿಲಾಲತೆ'ಯ ಬೆನ್ನಿಗೆ 1960ರಲ್ಲಿ 'ಮನೆಯಿಂದ ಮನೆಗೆ' ಬಂತು. ಆಮೇಲೆ ಹದಿನಾರು ವರ್ಷ ಹೊಸ ಸಂಕಲನವಿಲ್ಲ. 'ತೆರೆದ ಬಾಗಿಲು' ಬಂದದ್ದು 1976ರಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು ಈ ಸಂಕಲನಕ್ಕೆ, ಮಲ್ಲಿಗೆಗಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡವರು ತಾವೇ ತೆರೆದು ಹೊರಬಂದಂತೆ ಆ ಹೆಸರು ಕೇಳಿಸುತ್ತದೆ. ಆದರೆ ಹೊರಗೆ ಅಷ್ಟರಲ್ಲಿ ಬೇರೆಯೇ ಗಾಳಿ ಎದ್ದಿತ್ತು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದು, ಕನ್ನಡದ ಭಾವಗೀತೆ ಟೇಪ್‌ರೆಕಾರ್ಡರ್ ಏರಿತು. ನಲವತ್ತು ವರ್ಷದ ಹಿಂದಿನ ಮಲ್ಲಿಗೆ ಮತ್ತೆ ಅರಳಿತು. ಬಸ್ಸಿನಲ್ಲಿ, ಗಣೇಶನ ಪೆಂಡಾಲಿನಲ್ಲಿ, ಮದುವೆಯ ಛತ್ರದಲ್ಲಿ ಅದೇ ಹಾಡು. 'ಶಿಲಾಲತೆ'ಯ ಹೆಸರು ಹೇಳಿ ಕ್ಯಾಸೆಟ್ ಕೇಳಿದವರು ವಿರಳ.

ತಿಪಟೂರಿನಿಂದ ದಕ್ಷಿಣಕ್ಕೆ ಹೋಗುವ ರಸ್ತೆಯಲ್ಲಿ ನುಗ್ಗೇಹಳ್ಳಿ. 1246ರ ಲಕ್ಷ್ಮೀನರಸಿಂಹ ಗುಡಿಯ ಗೋಡೆಯ ಒಂದು ಪಕ್ಕ ಬೈಚೋಜನದು, ಇನ್ನೊಂದು ಮಲ್ಲಿತಮ್ಮನದು. ಇಬ್ಬರ ಕೈಗುಣದ ವ್ಯತ್ಯಾಸ ಹುಡುಕುತ್ತ ಒಂದು ಗಂಟೆ ಕಳೆಯಬಹುದು. ಅಲ್ಲಿಂದ ಚನ್ನರಾಯಪಟ್ಟಣ.

ಚನ್ನರಾಯಪಟ್ಟಣವನ್ನು ಶ್ರವಣಬೆಳಗೊಳಕ್ಕೆ ತಿರುಗುವ ಊರೆಂದು ಮಾತ್ರ ತಿಳಿದವರು ಇನ್ನೊಂದು ಹೆಸರನ್ನು ಸೇರಿಸಿಕೊಳ್ಳಬೇಕು. 1939ರ ಡಿಸೆಂಬರ್ 29ರಂದು ಸಿ. ಅಶ್ವತ್ಥ್ ಹುಟ್ಟಿದ್ದು ಇಲ್ಲಿ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರು. ಟಿ.ಎಸ್. ನಾಗಾಭರಣ 'ಮೈಸೂರು ಮಲ್ಲಿಗೆ'ಯನ್ನು ಸಿನಿಮಾ ಮಾಡಿದಾಗ ಸಂಗೀತ ಇವರದು. ಆ ಚಿತ್ರದ ಗೀತೆಗಳಿಗೆ ನರಸಿಂಹಸ್ವಾಮಿಯವರಿಗೆ 1991ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. 27ರಲ್ಲಿ ಪ್ರಕಟಿಸಿದ ಪದ್ಯಕ್ಕೆ 70 ದಾಟಿದ ಮೇಲೆ ಸಿನಿಮಾ ಸಾಹಿತ್ಯದ ಬಹುಮಾನ! ಅವರಿಗೆ ಖುಷಿಯಾಗಿರಬಹುದು, ನಗುವೂ ಬಂದಿರಬಹುದು. 1993ರಲ್ಲಿ ಅವರೇ 'ದುಂಡು ಮಲ್ಲಿಗೆ' ಎಂಬ ಸಂಕಲನ ತಂದರು. ಕಲ್ಲನ್ನು ಹಾದು ಬಂದವರು ಇಟ್ಟ ಹೂವಿನ ಹೆಸರು ಅದು, 1942ರದಕ್ಕಿಂತ ಬೇರೆ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ತಾವು ಹುಟ್ಟಿದ ದಿನದಂದೇ. ಕವಿ ಅದಕ್ಕೆ ಆರು ವರ್ಷ ಮೊದಲೇ, 2003ರ ಡಿಸೆಂಬರಿನಲ್ಲಿ ಹೋಗಿದ್ದರು.

ಚನ್ನರಾಯಪಟ್ಟಣದಿಂದ ಕೆ.ಆರ್. ಪೇಟೆಯ ಕಡೆಗೆ ಹೋಗುವ ಬಸ್ಸು ಹತ್ತಿದರೆ ಕಿಕ್ಕೇರಿ. ಮಂಡ್ಯ ಜಿಲ್ಲೆ ಇಲ್ಲಿಗೇ ಶುರು. ದೊಡ್ಡ ಕೆರೆ, ಕೆರೆಯ ಕೆಳಗೆ ಗದ್ದೆ, ಕಬ್ಬಿನ ಗಾಡಿ. 1915ರ ಜನವರಿ 26ರಂದು ನರಸಿಂಹಸ್ವಾಮಿ ಹುಟ್ಟಿದ ಊರು. ನವಿಲೂರನ್ನು ಹುಡುಕಿಕೊಂಡು ಇಲ್ಲಿಗೆ ಬರುವ ಅಭಿಮಾನಿಗಳಿದ್ದಾರೆ. ಮಲ್ಲಿಗೆಯ ತೋಟವೊಂದನ್ನು ಎದುರು ನೋಡಿ ಬಂದವರಿಗೆ ಸಿಗುವುದು ಬಯಲುಸೀಮೆಯ ಒಂದು ಮಾಮೂಲಿ ದೊಡ್ಡ ಹಳ್ಳಿ.

ಅದರ ಜೊತೆಗೆ ಒಂದು ಗುಡಿ. ಬ್ರಹ್ಮೇಶ್ವರನದು. 1171ರಲ್ಲಿ, ಒಂದನೆಯ ನರಸಿಂಹನ ಆಳ್ವಿಕೆಯಲ್ಲಿ, ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದ್ದು. ಬೇಲೂರು-ಹಳೇಬೀಡಿನ ವೈಭವವಿಲ್ಲ, ಗೈಡಿಲ್ಲ, ಟಿಕೆಟ್ಟಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಬಂದಾಗ ಇದರ ಹೆಸರೆತ್ತಿದವರು ಕಡಿಮೆ. ಆದರೆ ಕಲ್ಲು ಅದೇ ಬಳಪದ ಕಲ್ಲು, ಕೈ ಅದೇ ಕಾಲದ ಕೈ. ಅಂದರೆ ಮಲ್ಲಿಗೆಯ ಕವಿ ಕಣ್ಣು ಬಿಟ್ಟ ಊರಿನಲ್ಲಿ ಅವರಿಗಿಂತ 744 ವರ್ಷ ಮೊದಲೇ ಕಲ್ಲು ಕಾದಿತ್ತು. 1958ರಲ್ಲಿ ಅವರು ಎಲ್ಲಿಗೋ ಹೊರಟುಹೋದರೆಂದು ಓದುಗರು ತಿಳಿದರಲ್ಲ, ಅವರು ಹೋದದ್ದು ಊರಿಗೇ ಇರಬಹುದು.

ಪುಸ್ತಕದ ಸಂಗತಿ. 'ಮೈಸೂರು ಮಲ್ಲಿಗೆ' ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲೂ ಸಿಗಬಹುದು. 'ಶಿಲಾಲತೆ'ಯ ಬಿಡಿ ಪ್ರತಿಗಾಗಿ ಹಳೆಯ ಗ್ರಂಥಾಲಯಗಳನ್ನು ಜಾಲಾಡಬೇಕು. ಸುಲಭದ ದಾರಿಯೆಂದರೆ ಕವಿಯ ಸಮಗ್ರ ಕವಿತೆಗಳ ದಪ್ಪ ಸಂಪುಟ ಕೊಳ್ಳುವುದು. ಕಲ್ಲಿನ ಬಳ್ಳಿಯೂ ಅದರೊಳಗೇ ಇದೆ. ಆ ಸಂಪುಟಕ್ಕೆ ಇಟ್ಟಿರುವ ಹೆಸರು 'ಮಲ್ಲಿಗೆಯ ಮಾಲೆ'.